ದುರ್ಗದಲ್ಲಿ ಕೂತು ದುರ್ಗದ ಕಾದಂಬರಿ ಬೋರಾಯ್ತು ಅಂದರೆ

ಎಷ್ಟು ಪುಸ್ತಕ ಓದಿದೆ ಅನ್ನೋದು ಮುಖ್ಯ ಅಲ್ಲ, ಹೇಗೆ ಓದಿದೆ ಅನ್ನೋದು ಮುಖ್ಯ. ಈ ಮಾತನ್ನು ನನಗೆ ಹೇಳದವರೇ ಇಲ್ಲ. ಹೇಳಿದವರಲ್ಲಿ ಮುಕ್ಕಾಲು ಜನ ಆ ವರ್ಷ ಒಂದೂ ಪುಸ್ತಕ ಮುಟ್ಟಿರುವುದಿಲ್ಲ, ಅದು ಬೇರೆ ವಿಷಯ. ನಾನಂತೂ ಲೆಕ್ಕ ಇಟ್ಟೇ ಓದುವವಳು. ವರ್ಷಕ್ಕೆ 24, ಅಂದರೆ ತಿಂಗಳಿಗೆ ಎರಡು. ಗುಡ್‌ರೀಡ್ಸ್ ಅನ್ನೋ ಓದುಗರ ಜಾಲತಾಣದಲ್ಲಿ ಜನವರಿ ಬಂದ ಕೂಡಲೇ ನೂರು, ನೂರೈವತ್ತು ಅಂತ ಗುರಿ ಹಾಕಿಕೊಳ್ಳುವವರ ಮುಂದೆ ಇದು ಏನೂ ಅಲ್ಲ. ಆದರೆ ಮನೆ, ಕೆಲಸ, ಎರಡು ಊರಿನ ಓಡಾಟ ಎಲ್ಲಾ ಇಟ್ಟುಕೊಂಡವರಿಗೆ ಇಷ್ಟು ಸಾಕು. ಕಮ್ಮಿ ಇಟ್ಟರೆ ಮೈಗಳ್ಳತನ ಬರುತ್ತೆ. ಜಾಸ್ತಿ ಇಟ್ಟರೆ ಸುಮ್ನೆ ಪುಟ ಮಗುಚೋದಷ್ಟೇ ಆಗುತ್ತೆ.

ಗುರಿ ಇಲ್ಲದೆ ಓದಬಾರದು ಅಂತಲ್ಲ. ಗುರಿ ಇಲ್ಲದಿದ್ದ ಕಾಲದಲ್ಲಿ ನಾನು ಓದುತ್ತಿದ್ದದ್ದು ಒಂದೇ ಥರದ್ದು. ಇಷ್ಟದ ಇಬ್ಬರು ಮೂವರು ಲೇಖಕರು, ಅವರ ಪುಸ್ತಕಗಳೇ ತಿರುಗಿ ಮುರುಗಿ. 24 ತುಂಬಬೇಕು ಅಂತ ಹಟ ಹಿಡಿದ ಮೇಲೆ ಅಟ್ಟದ ಮೇಲಿದ್ದದ್ದು, ಮದುವೆಯಲ್ಲಿ ಉಡುಗೊರೆ ಬಂದು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಉಳಿದಿದ್ದದ್ದು, ಆಫೀಸಿನಲ್ಲಿ ಯಾರೋ ಟೇಬಲ್ ಮೇಲೆ ಬಿಟ್ಟುಹೋದದ್ದು ಎಲ್ಲಾ ಕೈಗೆ ಬಂದವು. ನನ್ನ ರುಚಿಗೆ ಹೊಂದದ ಪುಸ್ತಕಗಳನ್ನು ನನಗೆ ಓದಿಸಿದ್ದು ಈ ಲೆಕ್ಕವೇ. ಅದಕ್ಕೇ ಲೆಕ್ಕದ ಮೇಲೆ ನನಗೆ ಗೌರವ.

ನಾನಿರೋದು ಚಿತ್ರದುರ್ಗ, ಕೆಲಸ ದಾವಣಗೆರೆ. ನಡುವೆ ಹತ್ತಿರ ಹತ್ತಿರ 60 ಕಿಲೋಮೀಟರ್. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವ ತನಕ ಎಲ್ಲಾ ಒಂದೇ ಜಿಲ್ಲೆ, ಈಗ ದಿನಾ ಜಿಲ್ಲೆ ದಾಟಿ ಹೋಗಿ ಬರ್ತೀನಿ. ಓದೋದು ಬೆಳಗಿನ ಬಸ್ಸಿನಲ್ಲಿ. ಸೀಟು ಸಿಕ್ಕರೆ ಭರಮಸಾಗರದ ಹೊತ್ತಿಗೆ ಒಂದು ಅಧ್ಯಾಯ ಮುಗಿದಿರುತ್ತೆ, ಆನಗೋಡು ಬರುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತೆ. ಸೀಟು ಸಿಕ್ಕರೆ! 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು, ಸೀಟು ಹೋಯಿತು. ಉಳಿದ ದುಡ್ಡಿನಲ್ಲಿ ಪುಸ್ತಕ ಕೊಂಡೆ, ಅದನ್ನು ನಿಂತುಕೊಂಡು ಓದಿದೆ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಪುಸ್ತಕ, ಹಾಗಾಗಿ ಬಸ್ಸಿಗೆ ತೆಳು ಪುಸ್ತಕ, ಮನೆಗೆ ದಪ್ಪ ಪುಸ್ತಕ ಅಂತ ತಾನಾಗಿಯೇ ಪಾಲಾಗಿಬಿಟ್ಟಿದೆ. ಆಧಾರ್ ತೋರಿಸಿದರೆ ಕಂಡಕ್ಟರ್ ಕೊಡುವ ಸೊನ್ನೆ ರೂಪಾಯಿ ಟಿಕೆಟ್ ಇದೆಯಲ್ಲ, ಅದೇ ನನ್ನ ಪುಟದ ಗುರುತು. ಯಾವ ಪುಸ್ತಕ ಬಿಚ್ಚಿದರೂ ಒಂದಾದರೂ ಉದುರುತ್ತೆ. ಬಿಸಿಲಿಗೆ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಆಗಿರುತ್ತೆ.

ಸಂಜೆ ಬಸ್ಸಿನ ದೀಪದಲ್ಲಿ ಓದೋಕೆ ಆಗಲ್ಲ. ಆಗ ಫೋನಿನಲ್ಲಿ ಆಡಿಯೋ ಪುಸ್ತಕ ಕೇಳ್ತೀನಿ. ಕನ್ನಡದಲ್ಲೂ ಈಗ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಸಾಕಷ್ಟು ಸಿಗ್ತವೆ. ಕೇಳಿದ್ದು ಲೆಕ್ಕಕ್ಕೆ ಬರುತ್ತಾ ಅಂತ ಆಫೀಸಿನಲ್ಲಿ ದೊಡ್ಡ ಜಗಳವೇ ಆಗಿದೆ. ಬರುತ್ತೆ ಅಂತ ನನ್ನ ತೀರ್ಮಾನ. ಈ ನಾಡಿನಲ್ಲಿ ಎಷ್ಟೋ ಜನ ಭಾರತ ರಾಮಾಯಣ ಎಲ್ಲಾ ಕೇಳಿಯೇ ಕಲಿತವರು, ಅವರು ಯಾರಿಗೂ ಕಮ್ಮಿ ಓದಿದವರಲ್ಲ.

ಇಷ್ಟೇ ಆಗಿದ್ದರೆ ಲೆಕ್ಕ ಬರೀ ಲೆಕ್ಕವಾಗಿಯೇ ಉಳಿಯುತ್ತಿತ್ತು. ನನಗೆ ಇನ್ನೊಂದು ನಿಯಮ ಇದೆ. ಪುಸ್ತಕ ಮುಗಿದ ದಿನವೇ, ಮಲಗೋದಕ್ಕೆ ಮುಂಚೆ, ಅನ್ನಿಸಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಬಿಡಬೇಕು. ಬೇರೆಯವರು ಆ ಪುಸ್ತಕದ ಬಗ್ಗೆ ಏನು ಬರೆದಿದ್ದಾರೆ ಅಂತ ನೋಡೋದಕ್ಕೆ ಮುಂಚೆಯೇ. ಮುನ್ನುಡಿ ಕೂಡ ಕೊನೆಗೇ ಓದೋದು. ಮುನ್ನುಡಿ ಬರೆದವರು ದೊಡ್ಡವರಾಗಿರುತ್ತಾರೆ, ಅವರು ಹೇಳಿದ್ದು ಒಮ್ಮೆ ಕಿವಿಗೆ ಬಿದ್ದರೆ ಮುಗೀತು, ಆಮೇಲೆ ನಮಗೆ ಅನ್ನಿಸಿದ್ದು ಯಾವುದು ಅವರು ಹೇಳಿದ್ದು ಯಾವುದು ಅಂತ ಬಿಡಿಸೋಕೆ ಆಗಲ್ಲ. ವಿಮರ್ಶೆ ಮಾಡೋರು ಮಾಡಲಿ, ಅದಕ್ಕೆ ಓದು ಬೇಕು, ತಯಾರಿ ಬೇಕು. ಅನಿಸಿಕೆಗೆ ಬೇಕಾದ್ದು ಇಷ್ಟೇ, ಅನ್ನಿಸಿದ್ದನ್ನು ಮುಚ್ಚಿಡಬಾರದು. ಇದು ಸುಲಭ ಅಂದುಕೊಂಡಿದ್ದೆ. ನಮ್ಮೂರಲ್ಲಿ ಸುಲಭ ಅಲ್ಲ.

ಯಾಕೆ ಅಂದರೆ ನಮ್ಮೂರು ಚಿತ್ರದುರ್ಗ. ಇಲ್ಲಿ ಮದಕರಿ ನಾಯಕ ಅಂದರೆ ಪ್ರತಿಮೆ, ಓಬವ್ವ ಅಂದರೆ ಸ್ಟೇಡಿಯಂ, ತ.ರಾ.ಸು. ಅಂದರೆ ರಂಗಮಂದಿರ. ಮೂರರ ಮುಂದೆಯೂ ದಿನಾ ಓಡಾಡ್ತೀವಿ. ಕತೆ ಎಲ್ಲರಿಗೂ ಗೊತ್ತು, ಆದ್ದರಿಂದ ಪುಸ್ತಕ ಓದಿದವರು ಕಮ್ಮಿ. ಓಬವ್ವನನ್ನು ನನ್ನ ವಯಸ್ಸಿನವರು ನೋಡಿರೋದು 1972ರ 'ನಾಗರಹಾವು' ಸಿನಿಮಾದ ಹಾಡಿನಲ್ಲಿ. ಆ ಸಿನಿಮಾಗೂ ತ.ರಾ.ಸು. ಕಾದಂಬರಿಗಳೇ ಆಧಾರ ಅನ್ನೋದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ದುರ್ಗದವಳಾಗಿ ಮದಕರಿ ನಾಯಕನ ಮೇಲೆ ತ.ರಾ.ಸು. ಬರೆದ ಕಾದಂಬರಿ 'ದುರ್ಗಾಸ್ತಮಾನ' ಓದಿಲ್ಲ ಅಂದರೆ ಹೇಗೆ ಅಂತ ಒಂದು ವರ್ಷ ಪಟ್ಟಿಗೆ ಸೇರಿಸಿದೆ. ದಪ್ಪ ಪುಸ್ತಕ, ಬಸ್ಸಿಗೆ ಒಯ್ಯುವ ಹಾಗಿಲ್ಲ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಓದಿದೆ.

ಮುಗಿದ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದ ಮೊದಲ ಸಾಲು, 'ಮೊದಲ ಭಾಗ ಎಳೀತು.'

ಇದನ್ನು ಮಾರನೇ ದಿನ ಊಟದ ಹೊತ್ತಿನಲ್ಲಿ ಹೇಳಿದೆ ನೋಡಿ. ಪಕ್ಕದ ಟೇಬಲ್ಲಿನ ಹಿರಿಯರು, ನಮ್ಮ ಊರಿನವರೇ, ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. 'ಏನಮ್ಮಾ, ದುರ್ಗದೋಳಾಗಿ ಹಿಂಗಂತೀಯಾ?' ಅಂದರು. ನೀವು ಓದಿದ್ದೀರಾ ಸಾರ್ ಅಂದೆ. 'ಓದೋದೇನು, ನಮಗೆ ಗೊತ್ತಿಲ್ಲದ ಕತೆನಾ ಅದು' ಅಂದರು. ಮಾತು ಅಲ್ಲಿಗೇ ನಿಂತಿತು, ಅವರ ಸಿಟ್ಟು ಮಾತ್ರ ಒಂದು ವಾರ ನಿಂತಿತು.

ಎಳೀತು ಅಂದದ್ದು ನಿಜ, ಅದನ್ನು ಈಗಲೂ ಹೊಡೆದುಹಾಕಲ್ಲ. ಮಕ್ಕಳಿಲ್ಲದೆ ತೀರಿಕೊಂಡ ನಾಯಕರ ಪಟ್ಟಕ್ಕೆ ಒಬ್ಬ ಹುಡುಗನನ್ನು ತಂದು ಕೂರಿಸುವುದು, ಅವನ ಸುತ್ತ ಹಿರಿಯರು, ಪ್ರಧಾನಿ, ಅರಮನೆ, ಎಲ್ಲರೂ ಒಬ್ಬರಿಗೊಬ್ಬರು ಕೊಡುವ ಮರ್ಯಾದೆ, ಆ ಮರ್ಯಾದೆಯ ಮಾತುಗಳೇ ಪುಟಗಟ್ಟಲೆ. ಲೇಖಕರಿಗೆ ಮದಕರಿ ಮೇಲೆ ಪ್ರೀತಿ ಜಾಸ್ತಿ. ಹೆಸರಲ್ಲೇ ಅಸ್ತಮಾನ ಅಂತ ಹೇಳಿಬಿಟ್ಟಿದ್ದಾರೆ, ಆದರೆ ಆ ಸಂಜೆ ಬರೋದು ಅವರಿಗೇ ಇಷ್ಟ ಇಲ್ಲ ಅನ್ನಿಸುತ್ತೆ. ತಡ ಮಾಡ್ತಾ ಹೋಗ್ತಾರೆ.

ಆದರೆ ಅದೇ ರಾತ್ರಿ ಅದೇ ಪುಟದಲ್ಲಿ ಇನ್ನೂ ಬರೆದಿದ್ದೇನೆ. ನನ್ನ ತಲೆಯಲ್ಲಿ ಹೈದರಾಲಿ ಮೊದಲಿನಿಂದಲೂ ದುರ್ಗದ ವೈರಿ. ಇದೇ ಮದಕರಿ ಹೈದರನ ಜೊತೆ ನಿಂತು ಯುದ್ಧಗಳಿಗೆ ಹೋಗಿದ್ದ ಅನ್ನೋದು ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ಮರಾಠರು ಒಂದು ಕಡೆ, ಹೈದರ್ ಒಂದು ಕಡೆ, ಇಬ್ಬರಿಗೂ ಇವನು ಬೇಕು, ಇಬ್ಬರಿಗೂ ಇವನ ಮೇಲೆ ಅನುಮಾನ. ಯಾರ ಜೊತೆ ಸೇರಿದರೂ ಇನ್ನೊಬ್ಬರು ಸುಮ್ಮನಿರಲ್ಲ. ಇಲ್ಲಿಂದ ನಾನು ನಿದ್ದೆಗೆಟ್ಟು ಓದಿದೆ. ಮುಂದೆ ಏನಾಗುತ್ತೆ ಅಂತ ಗೊತ್ತು, 1779ರಲ್ಲಿ ಕೋಟೆ ಬಿತ್ತು, ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ, ಗೊತ್ತಿದ್ದರೂ ಈಗೊಂದು ದಾರಿ ಸಿಗಬಾರದಾ ಅಂತ ಪ್ರತಿ ಅಧ್ಯಾಯಕ್ಕೂ ಅಂದುಕೊಳ್ಳುತ್ತಿದ್ದೆ. ಮೊದಲ ಭಾಗ ಅಷ್ಟು ನಿಧಾನ ಇಲ್ಲದಿದ್ದರೆ ಕೊನೆಗೆ ಇಷ್ಟು ಸಂಕಟ ಆಗುತ್ತಿತ್ತಾ? ಆಗುತ್ತಿರಲಿಲ್ಲವೇನೋ. ಹಾಗಂತ ಎಳೆದದ್ದು ಎಳೆಯಲಿಲ್ಲ ಅಂತಲೂ ಆಗಲ್ಲ. ಎರಡೂ ಇರಲಿ ಅಂತ ಬಿಟ್ಟಿದ್ದೇನೆ.

ಓದಿ ಮುಗಿಸಿದ ಭಾನುವಾರ ಕೋಟೆ ಹತ್ತಿದೆ. ಚಿಕ್ಕಂದಿನಿಂದ ನೆಂಟರು ಬಂದಾಗಲೆಲ್ಲ ಹತ್ತಿರುವ ಕೋಟೆ, ನೆಂಟರು ಇಲ್ಲದೆ ಹತ್ತಿದ್ದು ಅಪರೂಪ. ಏಕನಾಥೇಶ್ವರಿ ಗುಡಿ ದಾಟಿ ಅಕ್ಕ ತಂಗಿಯರ ಹೊಂಡದ ಹತ್ತಿರ ಕೂತೆ. ಕೋಟೆ ಬಿದ್ದಾಗ ನಾಯಕನ ಹೆಂಡತಿಯರು ಇಲ್ಲೇ ಹಾರಿದರು ಅಂತ ಗೈಡ್‌ಗಳು ಹೇಳ್ತಾರೆ, ನಾನೂ ನೆಂಟರಿಗೆ ಹಾಗೇ ಹೇಳಿದ್ದೇನೆ, ಕಡಲೆಕಾಯಿ ತಿಂತಾ ಹೇಳಿದ್ದೇನೆ. ಆ ದಿನ ಕಾಲೇಜು ಹುಡುಗರು ಅಲ್ಲೇ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಬಂದು, ಆಂಟಿ, ಒಂದು ಫೋಟೋ ತೆಗೀರಿ ಅಂದ. ತೆಗೆದುಕೊಟ್ಟೆ.

ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅವರ ಊರು ಚಳ್ಳಕೆರೆ ತಾಲೂಕಿನ ತಳುಕು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಅರ್ಪಿಸಿದ್ದು ಇದೇ ತಳುಕಿನ ವೆಂಕಣ್ಣಯ್ಯನವರಿಗೆ, ತ.ರಾ.ಸು. ಅವರ ದೊಡ್ಡಪ್ಪನವರಿಗೆ. ಬಯಲುಸೀಮೆಯ ಆ ಸಣ್ಣ ಊರಿಂದ ಇಷ್ಟು ಬಂದಿದೆ. ಅಂಥ ಊರಿನ ಪಕ್ಕದಲ್ಲಿದ್ದುಕೊಂಡು ಅವರ ಪುಸ್ತಕ ಎಳೀತು ಅಂತ ಹೇಳೋದಕ್ಕೂ ಒಂದು ಹಕ್ಕು ಬೇಕಲ್ವಾ. ಓದಿದೆ, ಹಕ್ಕು ಬಂತು.

ಅವರದ್ದೇ 'ಹಂಸಗೀತೆ' ಸಿಕ್ಕಿದ್ದು ಗ್ರಂಥಾಲಯದ ಪ್ರತಿ. ಆಸ್ತಿ ತೆರಿಗೆ ಕಟ್ಟುವಾಗ ಗ್ರಂಥಾಲಯ ಕರ ಅಂತ ಶೇ 6 ಸೇರಿಸಿ ಕಟ್ಟಿರ್ತೀವಿ, ರಸೀದಿ ನೋಡಿ. ನಮ್ಮ ದುಡ್ಡಿನ ಪುಸ್ತಕವೇ, ಹೋಗಿ ತರೋಕೆ ಸಂಕೋಚ ಬೇಡ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಬದುಕಿನ ಸುತ್ತ ಕಟ್ಟಿದ ಕಾದಂಬರಿ ಇದು, 1975ರಲ್ಲಿ ಜಿ.ವಿ. ಅಯ್ಯರ್ ಸಿನಿಮಾ ಮಾಡಿದ್ದರು. ನನಗೆ ಸಂಗೀತದ ಗಂಧ ಗಾಳಿ ಇಲ್ಲ. ರಾಗದ ಮಾತು ಬಂದಲ್ಲೆಲ್ಲ ಮೆಲ್ಲಗೆ ದಾಟಿಕೊಂಡೆ. ಆದರೆ ಆ ಪ್ರತಿಯಲ್ಲಿ ಕತೆ ಜೊತೆ ಇನ್ನೊಂದು ಕತೆ ನಡೀತಿತ್ತು. ಯಾರೋ ಪೆನ್ಸಿಲ್ಲಿನಲ್ಲಿ ಅಂಚಿಗೆ 'ಅತಿ ಆಯ್ತು' ಅಂತ ಬರೆದಿದ್ದಾರೆ. ಅದರ ಕೆಳಗೆ ನೀಲಿ ಇಂಕಿನಲ್ಲಿ, ಬೇರೆ ಕೈ, 'ಸಂಗೀತ ಗೊತ್ತಿಲ್ಲದವರು ಮುಂದೆ ಓದಬೇಡಿ'. ನಾಲ್ಕೈದು ಪುಟ ಆದ ಮೇಲೆ ಪೆನ್ಸಿಲ್ಲಿನವರು ಇನ್ನೂ ಇದ್ದಾರೆ, ಒಂದು ಸಾಲಿಗೆ ಉದ್ದಕ್ಕೆ ಗೆರೆ ಎಳೆದು 'ಇದು ಚೆನ್ನಾಗಿದೆ' ಅಂತ. ನೀಲಿ ಇಂಕು ಅಲ್ಲಿ ಏನೂ ಬರೆದಿಲ್ಲ. ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದು, ಸರಿ. ಆದರೆ ಇವರಿಬ್ಬರೂ ಇಲ್ಲದಿದ್ದರೆ ನಾನು ಆ ಪುಸ್ತಕ ಅರ್ಧಕ್ಕೆ ಬಿಡ್ತಿದ್ದೆ. ಪೆನ್ಸಿಲ್ಲಿನವರ ಕಡೆ ನಾನು, ಕೊನೆಯವರೆಗೂ.

ಇನ್ನು ತೆಳು ಪುಸ್ತಕದ ವಿಷಯ. ಡಿಸೆಂಬರ್ ಹತ್ತಿರ ಬಂದರೆ ಲೆಕ್ಕ ತುಂಬಿಸೋಕೆ ತೆಳು ಪುಸ್ತಕ ಹುಡುಕ್ತಾರೆ ಅಂತ ಗುರಿ ಇಟ್ಟು ಓದುವವರನ್ನು ಆಡಿಕೊಳ್ಳುತ್ತಾರೆ. ಅಂಥವರ ಕೈಗೆ ದೇವನೂರ ಮಹಾದೇವ ಅವರ 'ಕುಸುಮಬಾಲೆ' ಕೊಟ್ಟು ನೋಡಬೇಕು. ತೆಳ್ಳಗಿದೆ ಅಂತ ಬಸ್ಸಿಗೆ ಒಯ್ದೆ. ಭರಮಸಾಗರ ಬಂದರೂ ಅದೇ ಪುಟ, ಆನಗೋಡು ಬಂದರೂ ಅದೇ ಪುಟ. ನಂಜನಗೂಡು ಕಡೆಯ ಮಾತು, ದೀಪದ ಜೋತಮ್ಮಗಳು ಕೂತು ಹರಟೆ ಹೊಡೀತವೆ, ಮಂಚ ಮಾತಾಡುತ್ತೆ, ನನಗೆ ತಲೆ ಬುಡ ಹತ್ತಲಿಲ್ಲ. ಮನೆಯಲ್ಲಿ ಜೋರಾಗಿ ಓದಿದೆ. ಆಗ ಬಂತು ಒಂದೊಂದೇ. ಕಣ್ಣಿಗೆ ಗೊತ್ತಾಗದ್ದು ಬಾಯಿಗೆ ಗೊತ್ತಾಯ್ತು. 1984ರ ಪುಸ್ತಕ, ತೆಳ್ಳಗಿದ್ದರೂ ಮೂರು ದಪ್ಪ ಕಾದಂಬರಿಯಷ್ಟು ಹೊತ್ತು ತಗೊಂಡಿತು, ಲೆಕ್ಕದಲ್ಲಿ ಮಾತ್ರ ಒಂದೇ. ಈ ಅನ್ಯಾಯಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು, 'ಅರ್ಥ ಆದದ್ದು ಅರ್ಧ. ಆ ಅರ್ಧ ಬಿಟ್ಟು ಹೋಗ್ತಿಲ್ಲ.'

ನಾನು ಜೋರಾಗಿ ಓದೋದನ್ನು ಒಳಗಿಂದ ಅತ್ತೆ ಕೇಳಿಸಿಕೊಂಡಿದ್ದಾರೆ. 'ಇದ್ಯಾವೂರ ಮಾತವ್ವಾ?' ಅಂದರು. ಅವರ ತವರು ಚಳ್ಳಕೆರೆ ಕಡೆ. ಹಾಗಾದರೆ ನಿಮ್ಮೂರ ಕಡೆಯದ್ದೇ ಓದ್ತೀನಿ ತಡೀರಿ ಅಂತ ಬೆಳಗೆರೆ ಕೃಷ್ಣಶಾಸ್ತ್ರಿಗಳ 'ಯೇಗ್ದಾಗೆಲ್ಲಾ ಐತೆ' ತೆಗೆದೆ. ಮುಕುಂದೂರು ಸ್ವಾಮಿಗಳ ಜೊತೆಗಿನ ದಿನಗಳನ್ನು ಶಾಸ್ತ್ರಿಗಳು ಬರೆದಿರುವ ಪುಸ್ತಕ. ನನಗೆ ಸ್ವಾಮಿಗಳ ಪುಸ್ತಕ ಅಂದರೆ ಅಷ್ಟಕ್ಕಷ್ಟೇ, ಪವಾಡ, ಪಾದಪೂಜೆ ಇರುತ್ತೆ ಅಂತ. ಇದರಲ್ಲಿ ಸ್ವಾಮಿಗಳು ಹಳ್ಳಿ ಅಜ್ಜನ ಹಾಗೆ ಮಾತಾಡ್ತಾರೆ, ನಗ್ತಾರೆ, ಉಪದೇಶ ಮಾಡ್ತಿದ್ದಾರೆ ಅಂತ ನಮಗೆ ಗೊತ್ತೇ ಆಗಲ್ಲ. ಅತ್ತೆ ಮೊರದ ಮುಂದೆ ಕೂತು ಶೇಂಗಾ ಸುಲೀತಿದ್ದರು. ನಾಲ್ಕು ಪುಟ ಆಗಿರಬೇಕು, ಸುಲಿಯೋ ಸದ್ದು ನಿಂತಿತು. ನೋಡಿದರೆ ಸೆರಗು ಬಾಯಿಗೆ ಒತ್ತಿಕೊಂಡು ನಗ್ತಿದ್ದಾರೆ. 'ನಮ್ಮಪ್ಪ ಹಿಂಗೇ ಮಾತಾಡ್ತಿದ್ದ ಕಣವ್ವಾ. ಅದ್ನೇ ಇನ್ನೊಂದ್ಸಲ ಓದು' ಅಂದರು. ಓದಿದೆ. ಆಮೇಲೆ ದಿನಾ ಮಧ್ಯಾಹ್ನದ ರಜೆ ಸಿಕ್ಕಾಗ, ರಾತ್ರಿ ಕರೆಂಟು ಹೋದಾಗ, ಅವರೇ ಕರೆದು ಓದಿಸಿಕೊಂಡರು. ಪುಸ್ತಕ ಮುಗಿದಾಗ ನಿಮ್ಮ ಅನಿಸಿಕೆ ಹೇಳಿ ಬರ್ಕೊಳ್ತೀನಿ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, 'ಸ್ವಾಮಿ ಚೆನ್ನಾಗವ್ನೆ. ಬರ್ಕೊಂಡೋನು ಇನ್ನೂ ಚೆನ್ನಾಗವ್ನೆ. ಅಷ್ಟು ನೆಪ್ಪಿಟ್ಕಂಡಿದಾನಲ್ಲ' ಅಂದರು. ನಾನು ಬರೆದದ್ದು ಅರ್ಧ ಪುಟ, ಅವರದ್ದು ಮೂರು ಸಾಲು. ಅವರದ್ದೇ ವಾಸಿ. ಆ ಪುಸ್ತಕ ಅವರ ಲೆಕ್ಕಕ್ಕೂ ಒಂದು ಅಂತ ಕೊನೆ ಪುಟದಲ್ಲಿ ಅವರಿಗೆ ಬೇರೆ ಖಾತೆ ತೆರೆದಿದ್ದೇನೆ.

ಮೊದಲೇ ಓದಿದ್ದ ಪುಸ್ತಕ ಮತ್ತೆ ಓದಿದರೆ ಲೆಕ್ಕಕ್ಕೆ ಸೇರಿಸಬಹುದಾ? ಅನಿಸಿಕೆ ಬದಲಾಗಿದ್ದರೆ ಸೇರಿಸ್ತೀನಿ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಕಾಲೇಜಿನಲ್ಲಿದ್ದಾಗ ಓದಿದ್ದು ಪತ್ತೇದಾರಿ ಅಂತ. ಏಲಕ್ಕಿ ವಿಜ್ಞಾನಿ ಸತ್ತದ್ದು ಹೇಗೆ, ವಿಚಾರಣೆಗೆ ಬಂದ ಅಂಗಡಿ ಅನ್ನೋ ಅಧಿಕಾರಿ ಕಂಡುಹಿಡೀತಾನಾ, ಇಷ್ಟೇ ನನಗೆ ಬೇಕಿದ್ದದ್ದು, ಸಿಕ್ಕಾಪಟ್ಟೆ ನಕ್ಕಿದ್ದೆ. ಈ ಸಲ ನಗು ಬಂದ ಜಾಗಗಳಲ್ಲೇ ಭಯ ಆಯ್ತು. ಕೆಸರೂರಿನ ಹುಡುಗರ ಗುಂಪುಗಳು, ಒಬ್ಬರ ಮೇಲೊಬ್ಬರ ಗುಮಾನಿ, ಒಂದು ಸಣ್ಣ ಗಾಳಿಮಾತು ಊರು ಸುತ್ತಿ ಬರೋದು, ಕೊನೆಗೆ ಬೆಂಕಿ. ಪುಸ್ತಕ 1985ರದ್ದು. ಓದ್ತಾ ಓದ್ತಾ ಬಸ್ಸಿನಲ್ಲಿ ಅಕ್ಕಪಕ್ಕದವರು ಫೋನಿನಲ್ಲಿ ಏನು ನೋಡ್ತಿದ್ದಾರೆ ಅಂತ ಇಣುಕಿ ನೋಡುವ ಹಾಗಾಯ್ತು.

2025ರ ಮೇನಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ದೀಪಾ ಭಾಸ್ತಿ ಅನುವಾದ, ಹನ್ನೆರಡು ಕತೆ. ಆ ವಾರ ಆಫೀಸಿನಲ್ಲಿ ಕನ್ನಡ ಕತೆಯ ಸುದ್ದಿಗೇ ಬಾರದವರೂ ನನ್ನ ಹತ್ತಿರ ಬಂದು ಆಯಮ್ಮನ ಪುಸ್ತಕ ಇದೆಯಾ ಅಂತ ಕೇಳಿದರು. ಕನ್ನಡದ್ದು ಇತ್ತು, ಕೊಟ್ಟೆ. ಮೂರು ಜನರ ಕೈ ದಾಟಿ ವಾಪಸ್ ಬಂತು. ಒಬ್ಬಳು ಎಲ್ಲಾ ಒಂದೇ ರಾತ್ರಿ ಓದಿದೆ ಅಂದಳು. ನನಗೆ ಅದು ಆಗಲಿಲ್ಲ, ಬಸ್ಸು ಒಂದು ಸಲ ಹೋದರೆ ಒಂದು ಕತೆ, ಅಷ್ಟೇ. ಎರಡು ಒಟ್ಟಿಗೆ ಓದಿದರೆ ಮೊದಲನೆಯದ್ದರ ಸಿಟ್ಟು ಎರಡನೆಯದ್ದರೊಳಗೆ ಸೇರಿಕೊಂಡು ಬಿಡುತ್ತೆ. ಇನ್ನೊಬ್ಬರು, ಗಂಡಸರು, ಪುಸ್ತಕ ಕೊಡುವಾಗ 'ಚೆನ್ನಾಗಿದೆ, ಆದರೆ ಎಲ್ಲಾ ಗಂಡಸರೂ ಹಂಗಿರಲ್ಲ ಬಿಡಿ' ಅಂದರು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದೂ ಒಂದು ಅನಿಸಿಕೆಯೇ. ಅವರು ಹಾಗಂದಾಗ ಬೆಣ್ಣೆದೋಸೆ ತಿಂತಾ ಕೂತಿದ್ದ ನಾವು ಮೂವರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದ್ದನ್ನೂ ಬರೆದುಕೊಂಡೆ.

ಈ ವರ್ಷದ ಲೆಕ್ಕ ಹಿಂದಿದೆ. ಕಾರಣ 'ಪರ್ವ'. ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಮೇಲೆ, ಬೆಂಗಳೂರಿನಲ್ಲಿರುವ ನಮ್ಮ ಭಾವ ಇನ್ನಾದರೂ ಓದಮ್ಮಾ ಅಂತ ತಮ್ಮ ಪ್ರತಿ ಕಳಿಸಿಕೊಟ್ಟರು. 1979ರ ಕಾದಂಬರಿ, ಮಹಾಭಾರತದಿಂದ ಪವಾಡ ಪೂರ್ತಿ ಕಿತ್ತುಹಾಕಿ ಬರೆದದ್ದು. ಯುದ್ಧಭೂಮಿಯ ನಾತ, ನೊಣ, ಅನ್ನ ನೀರಿನ ಪರದಾಟ ಓದುವಾಗ ಊಟ ಸೇರಲಿಲ್ಲ. ಇಷ್ಟು ವರ್ಷ ಯಕ್ಷಗಾನ ಬಯಲಾಟದಲ್ಲಿ ನೋಡಿದ ಯುದ್ಧಕ್ಕೆ ವಾಸನೆಯೇ ಇರಲಿಲ್ಲ ಅಂತ ಆಗ ಗೊತ್ತಾಯ್ತು. ಅದಕ್ಕೆ ದೊಡ್ಡ ನಮಸ್ಕಾರ. ಆದರೆ ಕುಂತಿ ಕೂತು ಹಳೇದು ನೆನೆಸಿಕೊಳ್ಳುತ್ತಾಳೆ, ದ್ರೌಪದಿ ನೆನೆಸಿಕೊಳ್ಳುತ್ತಾಳೆ, ಭೀಮ, ಅರ್ಜುನ, ಭೀಷ್ಮ, ಎಲ್ಲರೂ ಕೂತು ನೆನೆಸಿಕೊಳ್ಳುತ್ತಾರೆ, ಮತ್ತೆ ಎಲ್ಲರಿಗೂ ಒಬ್ಬರದ್ದೇ ತಲೆ ಇದ್ದ ಹಾಗೆ ಕೇಳಿಸುತ್ತೆ. ಇದನ್ನು ಹಾಗೇ ಬರೆದಿದ್ದೇನೆ, ಎರಡು ಪುಟ.

ಭಾವ ದೀಪಾವಳಿಗೆ ಬರ್ತಾರೆ. ಅವರು ಆ ಪುಸ್ತಕದ ವಿರುದ್ಧ ಒಂದು ಮಾತು ಸಹಿಸೋರಲ್ಲ. ನೋಟ್‌ಬುಕ್ಕು ಬೀರುವಿನಲ್ಲಿಟ್ಟರೆ ಆಯ್ತು ಅಂದುಕೊಂಡಿದ್ದೆ. ಅಷ್ಟರಲ್ಲಿ ಅತ್ತೆ ಫೋನಿನಲ್ಲಿ ಮಗನಿಗೆ ಹೇಳಿಬಿಟ್ಟಿದ್ದಾರೆ, 'ನಿನ್ನ ಪುಸ್ತಕಕ್ಕೆ ಇವ್ಳು ಏನೇನೋ ಬರ್ದವ್ಳೆ ಕಣಪ್ಪಾ' ಅಂತ. ಈಗ ಭಾವ ಗ್ರಂಥಾಲಯದಿಂದ ಇನ್ನೊಂದು ಪ್ರತಿ ತಂದು ಮೊದಲಿಂದ ಓದೋಕೆ ಶುರು ಮಾಡಿದ್ದಾರಂತೆ, ನನಗೆ ಉತ್ತರ ಕೊಡೋಕೆ.